ತಿಸ್ವಾಹಿನ್ ಕಂಡ ಹಾವು

ತಿಸ್ವಾಹಿನ್ ಎಂದರೆ ನಮ್ಮ ಕಡೆ ‘ಅವರೆಲ್ಲರಿಗೂ ಇವಳೊಬ್ಬಳೇ ಸಮ’ ಎಂದು ಅರ್ಥ. ಮೊದಲು ಹುಟ್ಟಿದ ಹೆಣ್ಣುಕೂಸುಗಳೆಲ್ಲ ಒಂದಾದ ಮೇಲೊಂದು ತೀರಿಕೊಂಡು, ಕೊನೆಗೆ ಉಳಿದ ಒಬ್ಬಳಿಗೆ ಅವಳ ತಂದೆ ಇಟ್ಟ ಹೆಸರು ಅದು. ಊರಿನಲ್ಲಿ ಮಾತ್ರ ಅವಳನ್ನು ಆ ಹೆಸರಿನಿಂದ ಕರೆಯುವವರು ಕಡಿಮೆ. ಮಗಳು ರಬಾಬ್ ಹುಟ್ಟಿದ ಮೇಲೆ ಎದುರಿಗೆ ಉಮ್ ರಬಾಬ್, ಅಂದರೆ ರಬಾಬಳ ತಾಯಿ, ಆದಳು. ಬೆನ್ನ ಹಿಂದೆ ಅವಳಿಗೆ ಇನ್ನೊಂದು ಹೆಸರಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಬಸ್ರಾ ಕಡೆಯ ಜವುಗು ನಾಡಿನ ಊರು ಚಿಬಾಯಿಶ್‌ನಲ್ಲಿ ಫುರಾತ್ ನದಿಯ ದಂಡೆಗೆ ಅಂಟಿಕೊಂಡಂತೆ ನನ್ನದೊಂದು ಫೋನ್ ರಿಪೇರಿ ಅಂಗಡಿಯಿದೆ. ಜವುಗಿನ ಒಳಗಿನಿಂದ ದೋಣಿಗಳು ಬಂದು ನಿಲ್ಲುವುದು ಅದರ ಎದುರಿಗೇ. ಬೆಳಗಾಗುತ್ತಿದ್ದಂತೆ ಎಮ್ಮೆಯ ಕೆನೆ ಮಾರುವ ಹೆಂಗಸರು ಬರುತ್ತಾರೆ. ಅವರಲ್ಲಿ ತಿಸ್ವಾಹಿನ್ ಯಾವಾಗಲೂ ಕೊನೆಯವಳು, ಅವಳ ಜೊಂಡಿನ ಮನೆ ಎಲ್ಲರಿಗಿಂತ ಒಳಗಿತ್ತು. ದೋಣಿಯ ಹಿಂತುದಿಯಲ್ಲಿ ನಿಂತು ಉದ್ದನೆಯ ಗಳದಿಂದ ನೀರಿನ ತಳ ಒತ್ತುತ್ತ ಬರುವಾಗ, ಕರಿಯ ನಿಲುವಂಗಿಯ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತಿದ್ದಳು. ಹಾಗಾಗಿ ದಡಕ್ಕೆ ಬರುವವರೆಗೂ ಯಾರಿಗೂ ನಮಸ್ಕಾರ ಹೇಳುತ್ತಿರಲಿಲ್ಲ. ಜಂಬದವಳು ಎಂದು ಕೆಲವರು ತಿಳಿದಿದ್ದರು. ಅವಳ ಕೆನೆ ಮಾತ್ರ ಚಾಕುವಿನಲ್ಲಿ ಕತ್ತರಿಸಬೇಕು, ಅಷ್ಟು ಗಟ್ಟಿ. ಬಿಸಿ ರೊಟ್ಟಿ, ಖರ್ಜೂರದ ಪಾಕ, ಅವಳ ಕೆನೆ ಇದ್ದರೆ ನಮ್ಮ ಶುಕ್ರವಾರಕ್ಕೆ ಬೇರೇನೂ ಬೇಡ.

ಅವಳ ಗಂಡ ಶನಾವಾ. ನಾನು ಅವನನ್ನು ನೋಡಿದವನಲ್ಲ, ಆದರೆ ಅವನ ಕಥೆ ಕೇಳದೆ ಚಿಬಾಯಿಶ್‌ನಲ್ಲಿ ಬೆಳೆದವರಿಲ್ಲ. ಮದುವೆಯಾದ ಹೊಸತು. ಬೇಸಿಗೆಯ ಕೊನೆಯಲ್ಲಿ ಒಂದು ಮಧ್ಯಾಹ್ನ ಅವನು ಒಬ್ಬನೇ ಜೊಂಡು ಕೊಯ್ಯಲು ಹೋದವನು ಎದೆಮಟ್ಟದ ನೀರಿನಲ್ಲಿ ಈಜುತ್ತ, ಬೀಳುತ್ತ, ಏದುಸಿರು ಬಿಡುತ್ತ ಮನೆಗೆ ಬಂದ. ದೋಣಿ ಇಲ್ಲ, ಕುಡುಗೋಲು ಇಲ್ಲ, ತಲೆಯ ರುಮಾಲೂ ಇಲ್ಲ. “ಅನ್ಫೀಶ್ ನೋಡಿದೆ” ಎಂದ. ಅನ್ಫೀಶ್ ಎಂದರೆ ನಮ್ಮ ಅಜ್ಜಿಯರು ಹೇಳುತ್ತಿದ್ದ, ಮೈತುಂಬ ಕೂದಲಿರುವ ಹಾವು. ಯಾರೂ ಹೋಗದ ಜೊಂಡಿನ ನಡುವೆ ಅದು ಇರುತ್ತದೆ, ಕಂಡವನು ಬದುಕುವುದಿಲ್ಲ ಎಂದು ಹೇಳಿ ನಮ್ಮನ್ನು ಮಲಗಿಸುತ್ತಿದ್ದರು. ಶನಾವಾ ಕಂಡೂ ಬದುಕಿದ. ಅದೇ ಅವನ ತಪ್ಪಾಯಿತು. ಮರುದಿನ ಅವನ ಅಣ್ಣ ಮಿಝಿಲ್ ಹೋಗಿ ದೋಣಿ ಎಳೆದು ತಂದ. ಅದರಲ್ಲಿ ಕೊಯ್ದ ಜೊಂಡು ಅರ್ಧ ಹೊರೆಯೂ ಇರಲಿಲ್ಲ. “ಕೆಲಸಗಳ್ಳ ಅನ್ಫೀಶ್ ನೋಡದೆ ಇನ್ನೇನು ನೋಡ್ತಾನೆ!” ಎಂದು ಅವನು ಚಾವಡಿಯಲ್ಲಿ ಹೇಳಿದ ಮಾತಿಗೆ ಬಿದ್ದ ನಗು ಮುಂದೆ ನಿಲ್ಲಲೇ ಇಲ್ಲ. ಶನಾವಾ ‘ಅನ್ಫೀಶಪ್ಪ’ನಾದ.

ಆಮೇಲೆ ಸರ್ಕಾರದವರು ಒಡ್ಡು ಕಟ್ಟಿ ಜವುಗಿನ ನೀರು ತಿರುಗಿಸಿದರು. ನೆಲ ಬಿರಿಯಿತು. ಜನ ಎದ್ದು ಹೋದರು. ಶನಾವಾ ಹೆಂಡತಿಯನ್ನು ಕರೆದುಕೊಂಡು ಕೂತ್ ಊರಿನ ಆಚೆ ಇಟ್ಟಿಗೆಗೂಡಿನಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿಗೂ ನಮ್ಮವರು ಹೋಗಿದ್ದರು, ಅವರ ಜೊತೆ ಅವನ ಅಡ್ಡಹೆಸರೂ ಹೋಗಿತ್ತು. ಗೂಡಿನ ಹೊಗೆ ಅವನ ಎದೆಗೆ ಇಳಿಯಿತು. ನೀರು ವಾಪಸ್ಸು ಬರುವ ಮುಂಚಿನ ಚಳಿಗಾಲದಲ್ಲಿ ಅವನು ಸತ್ತ. ನಮ್ಮವರನ್ನೆಲ್ಲ ಮಣ್ಣು ಮಾಡುವ ನಜಫ್‌ನ ದೊಡ್ಡ ಸ್ಮಶಾನದಲ್ಲಿ ಅವನಿಗೂ ಜಾಗ ಸಿಕ್ಕಿತು. ಆ ಸರ್ಕಾರ ಬಿದ್ದ ಮೇಲೆ ಒಡ್ಡು ಒಡೆದು ನೀರು ಬಂದಾಗ ತಿಸ್ವಾಹಿನ್ ಚಿಕ್ಕ ಮಗಳ ಕೈ ಹಿಡಿದುಕೊಂಡು ಹಿಂದಿರುಗಿದಳು. ಒಂದು ಎಮ್ಮೆಯಿಂದ ಶುರುಮಾಡಿ ಹಟ್ಟಿ ಕಟ್ಟಿದಳು. ರಬಾಬಳನ್ನು ನಾಸಿರಿಯಾಕ್ಕೆ ಮದುವೆ ಮಾಡಿ ಕೊಟ್ಟಳು. ಮತ್ತೆ ಮದುವೆಯಾಗು ಎಂದವರಿಗೆ, “ಎಮ್ಮೆಗಳು ಒಪ್ಪಲ್ಲ” ಎನ್ನುತ್ತಿದ್ದಳಂತೆ. ಬೆನ್ನ ಹಿಂದಿನ ಅವಳ ಹೆಸರು ‘ಅನ್ಫೀಶಪ್ಪನ ಹೆಂಡತಿ’.

ಈಚಿನ ವರ್ಷಗಳಲ್ಲಿ ನೀರು ಮತ್ತೆ ಕಡಿಮೆಯಾಗುತ್ತ ಬಂತು. ಈ ಸಲ ಯಾರೂ ಬಂದು ತಿರುಗಿಸಲಿಲ್ಲ, ಮೇಲಿನಿಂದ ಬರುವುದೇ ನಿಂತಿತು. ಉಳಿದದ್ದು ಉಪ್ಪಾಯಿತು. ಕುಡಿದ ಎಮ್ಮೆಗಳ ಕಣ್ಣು ಬೆಳ್ಳಗಾದವು. ಕಾಲುವೆಗಳು ತುಂಡಾಗಿ ಅಲ್ಲಲ್ಲಿ ಮಡುಗಳಾದವು, ಮಡುವಿನ ನೀರು ಅಲುಗಾಡದೆ ಹಸಿರುಗಟ್ಟಿತು. ಎಳೆಯ ಜೊಂಡು ಬೇಕೆಂದರೆ ಹೆಂಗಸರು ದೋಣಿಯನ್ನು ಕೆಸರಿನ ಮೇಲೆ ಎಳೆದುಕೊಂಡು ದೂರ ಹೋಗಬೇಕಿತ್ತು.

ಅಂಥ ಒಂದು ಬೇಸಿಗೆಯ ಬೆಳಗ್ಗೆ ತಿಸ್ವಾಹಿನ್ ಕೆನೆಯ ಬಟ್ಟಲುಗಳನ್ನು ಇಳಿಸಿ ನೇರ ನನ್ನ ಅಂಗಡಿಗೆ ಬಂದಳು. ಸೆರಗಿನ ಗಂಟಿನಿಂದ ಫೋನ್ ತೆಗೆದು ಮೇಜಿನ ಮೇಲಿಟ್ಟಳು.

“ಖಯ್ಯೂನ್, ಇದನ್ನ ನೋಡು ಮಗಾ.”

ನೋಡಿದೆ. ಅರ್ಧ ಮುಳುಗಿದ ಜೊಂಡಿನ ರಾಶಿಯ ಮೇಲೆ ಒಂದು ಹಾವು. ಕುತ್ತಿಗೆಯಿಂದ ಬಾಲದವರೆಗೆ ಮೈಮೇಲೆ ಬೆರಳುದ್ದದ ಹಸಿರು ಕೂದಲು. ತಲೆ ಮಾತ್ರ ಬೋಳು.

“ಯಾರು ಕಳ್ಸಿದ್ದು ಖಾಲಾ?” ಎಂದೆ. ತಾಯಿಯ ವಯಸ್ಸಿನವರನ್ನು ನಾವು ಖಾಲಾ ಎಂದೇ ಕರೆಯುವುದು. “ಇಂಥವು ದಿನಾ ಬರ್ತವೆ. ನಿನ್ನೆ ಎರಡು ತಲೆಯ ಒಂಟೆ ಬಂದಿತ್ತು.”

“ಯಾರೂ ಕಳ್ಸಿಲ್ಲ. ನಾನೇ ತೆಗೆದಿದ್ದು.”

“ನೀನಾ?”

“ಯಾಕೆ, ನಂಗೆ ಬೆರಳಿಲ್ವಾ?”

ನಾನು ಮತ್ತೆ ನೋಡಿದೆ. ದೊಡ್ಡದು ಮಾಡಿ ನೋಡಿದೆ. ಚಿತ್ರದ ಒಂದು ಮೂಲೆಯಲ್ಲಿ ಅವಳ ದೋಣಿಯ ಮೂತಿ ಇತ್ತು, ಅದಕ್ಕೆ ಸುತ್ತಿದ ನೀಲಿ ಹಗ್ಗವೂ ಇತ್ತು. ಆ ಹಗ್ಗವನ್ನು ದಿನಾ ಬೆಳಗ್ಗೆ ನನ್ನ ಅಂಗಡಿಯ ಕಂಬಕ್ಕೆ ಕಟ್ಟುತ್ತಿದ್ದಳು.

“ಹೆದರ್ಲಿಲ್ವಾ?”

“ಹೆದರ್ದೆ. ಮೊದಲೆರಡು ಸಲ ಬರೀ ನೀರು ಬಂದಿದೆ. ಓಡಬೇಕು ಅಂತ ಗಳ ಒತ್ತಿದೆ. ಆಮೇಲೆ ಅನ್ಸ್ತು, ನಾನೂ ಓಡಿಹೋದ್ರೆ ಊರಿಗೆ ಇನ್ನೊಂದು ಕಥೆ ಸಿಗುತ್ತೆ. ನಿಂತೆ.” ಫೋನನ್ನು ಮತ್ತೆ ಕೈಗೆ ತೆಗೆದುಕೊಂಡು, “ಅವನ ಹತ್ರ ಫೋನಿರ್ಲಿಲ್ಲ ಕಣೋ” ಎಂದಳು.

ಆ ದಿನ ಅವಳು ನನ್ನಿಂದ ಕೇಳಿದ್ದು ಒಂದೇ. ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ತೆಗೆಸಿಕೊಡಬೇಕು. ಅವಳ ಭಾವ ಹಾಜಿ ಮಿಝಿಲ್‌ಗೆ ಕಣ್ಣು ಮಂಜಾಗಿತ್ತು, ಫೋನಿನಲ್ಲಿ ಕಾಣದು. ಕಾಗದದ ಮೇಲೆ ತೆಗೆಸಲು ನಾಸಿರಿಯಾಕ್ಕೇ ಕಳಿಸಬೇಕಾದ್ದರಿಂದ ಚಿತ್ರವನ್ನು ಅಲ್ಲಿದ್ದ ರಬಾಬಳಿಗೇ ಕಳಿಸಿದೆವು. ರಬಾಬ್ ಅದನ್ನು ಮನೆಯವರ ಗುಂಪಿಗೆ ಹಾಕಿದಳು, ‘ಅಮ್ಮ ತೆಗೆದದ್ದು, ಅಪ್ಪ ಹೇಳಿದ್ದು ನಿಜ’ ಎಂದು ಬರೆದು. ಮಗಳು ಬರೆಯುವ ಮಾತೇ ಅದು, ತಪ್ಪೇನೂ ಇರಲಿಲ್ಲ.

ಮನೆಯವರ ಗುಂಪಿನಲ್ಲಿ ಹಾಕಿದ್ದು ಮನೆಯೊಳಗೆ ಇರುವ ಕಾಲ ಹೋಯಿತು. ಎರಡು ದಿನದಲ್ಲಿ ಚಿತ್ರ ಅಮಾರಾದಿಂದ, ಬಸ್ರಾದಿಂದ, ನಮಗೆ ಗೊತ್ತಿಲ್ಲದ ಊರುಗಳಿಂದ ನನ್ನ ಫೋನಿಗೇ ತಿರುಗಿ ಬಂತು. ಬರುವಾಗ ಒಂದೊಂದು ಸಲವೂ ಬೆಳೆದು ಬಂತು. ಮೊದಲು ನೀಲಿ ಹಗ್ಗದ ದೋಣಿಯನ್ನು ಕತ್ತರಿಸಿದರು, ಹಾವು ಎಷ್ಟು ದೊಡ್ಡದು ಎಂದು ತಿಳಿಯಲು ಇದ್ದ ಗುರುತು ಅದೊಂದೇ. ಆಮೇಲೆ ಯಾರೋ ಹಿಂದೆ ಒಂದು ಎಮ್ಮೆಯನ್ನು ತಂದು ನಿಲ್ಲಿಸಿದರು, ಎಮ್ಮೆ ಹಾವಿಗಿಂತ ಚಿಕ್ಕದು. ಕೊನೆಯದರಲ್ಲಿ ಹಾವಿಗೆ ಕೆಂಪು ಕಣ್ಣು, ಬಾಯಲ್ಲಿ ಆನೆಯ ದಂತದಂಥ ಹಲ್ಲು. ‘ಅನ್ಫೀಶ್ ಮರಳಿತು, ಜವುಗು ಒಣಗಿದ್ದು ಅದರ ಶಾಪದಿಂದ’ ಎಂಬ ಮಾತು ಕೆಳಗೆ. ಕೆಲವುಗಳಲ್ಲಿ ಅವಳ ಹೆಸರು, ಕೆಲವುಗಳಲ್ಲಿ ಸತ್ತವನ ಹೆಸರು.

ಸುಳ್ಳು ಚಿತ್ರಗಳನ್ನು ಹಿಡಿದು ತೋರಿಸುವ, ಇಂಟರ್ನೆಟ್ಟಿನ ಒಂದು ಪುಟದವರು ಆಗ ಎದ್ದರು. ಎಮ್ಮೆ ಎಲ್ಲಿಯದು, ಹಲ್ಲು ಎಲ್ಲಿಂದ ಕದ್ದದ್ದು ಎಂದು ಪತ್ತೆಮಾಡಿ ಚಿತ್ರಗಳನ್ನೆಲ್ಲ ಪಕ್ಕಪಕ್ಕ ಇಟ್ಟು ಕೆಂಪು ಗೆರೆ ಎಳೆದರು. ಒಳ್ಳೆಯ ಕೆಲಸವೇ. ಆದರೆ ಅವಳ ಮೂಲ ಚಿತ್ರದ ಮೇಲೂ ಅದೇ ಗೆರೆ ಎಳೆದುಬಿಟ್ಟರು. ‘ಹಾವಿಗೆ ಕೂದಲಿರುವುದಿಲ್ಲ, ಆದ್ದರಿಂದ ಇದೂ ಕಂಪ್ಯೂಟರಿನ ಕೈಚಳಕ.’ ಅದರ ಕೆಳಗೆ ನಮ್ಮೂರಿನವನೇ ಒಬ್ಬ, ‘ಅವಳ ಗಂಡನೂ ಹೀಗೇ, ಮನೆತನದ ಗುಣ’ ಎಂದು ಬರೆದ. ನೂರಾರು ಜನ ನಗುವ ಮುಖ ಒತ್ತಿದರು.

ರಬಾಬ್ ಫೋನ್ ಮಾಡಿ ಅತ್ತಳು. ತಿಸ್ವಾಹಿನ್ ಅಳಲಿಲ್ಲ, ಕಾಗದದ ಮೇಲಿನ ಚಿತ್ರದ ಮಾತನ್ನೂ ಮತ್ತೆ ಎತ್ತಲಿಲ್ಲ. ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು, “ಅವರು ನನ್ನ ಮಡುವಿಗೆ ಬಂದಿದ್ರಾ?” ಎಂದು ಕೇಳಿದಳು.

“ಇಲ್ಲ ಖಾಲಾ. ಬಾಗ್ದಾದಲ್ಲಿ ಕೂತಿರೋರು.”

“ಮತ್ತೆ ಹೇಗೆ ಗೊತ್ತಾಯ್ತಂತೆ?”

ಅವಳು ಬರಿದಾದ ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸಿ ಹೊರಟುಹೋದಳು.

ಬಾಗ್ದಾದಿನವರು ಸುಳ್ಳೆಂದರೇನು, ಜವುಗಿನೊಳಗೆ ಅನ್ಫೀಶನ್ನು ನಂಬುವವರಿಗೆ ಬರವಿರಲಿಲ್ಲ. ಹೆಂಗಸರು ಜೊಂಡಿಗೆ ಹೋಗುವುದನ್ನು ಬಿಟ್ಟರು. ಗಂಡಸರು ತಾವು ಹೆದರಿಲ್ಲವೆಂದು ತೋರಿಸಲು ಹಾವು ಬೇಟೆ ಶುರುಮಾಡಿದರು. ಹೊರಗಿನ ಊರುಗಳಿಂದಲೂ ತಂಡ ಕಟ್ಟಿಕೊಂಡು ಬಂದರು. ಮೀನಿಗೆ ಕರೆಂಟ್ ಕೊಡುವ ಬ್ಯಾಟರಿ ಕೋಲುಗಳನ್ನು ಮಡುಗಳಿಗೆ ಇಳಿಸಿದರು, ಮೇಲೆದ್ದು ಬಂದದ್ದನ್ನೆಲ್ಲ ಬಡಿದರು. ಒಂದು ಸಂಜೆ ನನ್ನ ಅಂಗಡಿಯ ಎದುರಿನ ದಂಡೆಯಲ್ಲಿ ಸತ್ತ ಹಾವುಗಳ ಗುಡ್ಡೆ ಹಾಕಿ, ಅದರ ಹಿಂದೆ ಕೋಲು ಹಿಡಿದು ನಿಂತು ಫೋಟೊ ತೆಗೆಸಿಕೊಂಡರು. ಎಲ್ಲವೂ ನೀರೊಳ್ಳೆಗಳು. ನಮ್ಮ ಮಕ್ಕಳು ಬಾಲ ಹಿಡಿದು ಆಡಿಸುವ, ಕಚ್ಚಿದರೂ ಇರುವೆ ಕಚ್ಚಿದಷ್ಟೂ ನೋಯದ ಹಾವುಗಳು.

ಮರುದಿನ ತಿಸ್ವಾಹಿನ್ ಬಂದಾಗ ಗುಡ್ಡೆ ಅಲ್ಲೇ ಇತ್ತು, ನೊಣ ಮುತ್ತಿತ್ತು. ಅವಳು ಕೆನೆ ಇಳಿಸುವುದನ್ನೂ ಮರೆತು ಗಳದ ತುದಿಯಿಂದ ಒಂದೊಂದನ್ನೇ ಸರಿಸಿ ನೋಡಿದಳು. ಕೆಳಗೆ ಒಂದು, ಕೈತೋಳಿನಷ್ಟು ಉದ್ದದ್ದು, ಮೈತುಂಬ ಹಸಿರು ಕೂದಲು. ನೀರಿನಿಂದ ಹೊರಗೆ ಬಿದ್ದು ಆ ಕೂದಲು ಜಿಡ್ಡಿನ ಹಾಗೆ ಮೈಗೆ ಅಂಟಿಕೊಂಡಿತ್ತು. ಅವಳು ಬಗ್ಗಿ ಎರಡೂ ಕೈಯಿಂದ ಅದನ್ನೆತ್ತಿ, ಖಾಲಿ ಬಟ್ಟಲೊಂದಕ್ಕೆ ನೀರು ತುಂಬಿಸಿ ಅದರಲ್ಲಿಟ್ಟಳು. ನೀರಿಗೆ ಬಿದ್ದದ್ದೇ ಕೂದಲು ಮೆಲ್ಲಗೆ ಬಿಡಿಸಿಕೊಂಡು ನಿಂತಿತು. ಪಕ್ಕದಲ್ಲಿ ನಿಂತಿದ್ದ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವಳು ಮೀನಿನವನ ಹತ್ತಿರ ಐಸ್ ಕೇಳಿ ತಂದು ಬಟ್ಟಲ ಸುತ್ತ ಹಾಕಿ, ತಟ್ಟೆ ಮುಚ್ಚಿದಳು.

ಅಷ್ಟು ಹೊತ್ತಿಗೆ ರಬಾಬಳಿಗೆ ಬಸ್ರಾದಿಂದ ಒಬ್ಬರು ಬರೆದಿದ್ದರು. ಡಾಕ್ಟರ್ ವಾಸಿಕ್ ಎಂದು, ಔಷಧದ ಡಾಕ್ಟರಲ್ಲ, ಹಾವು ಕಪ್ಪೆಗಳ ಮೇಲೆ ಓದಿದವರು. ಅವಳ ಮೂಲ ಚಿತ್ರದ ಮೇಲೂ ಗೆರೆ ಎಳೆದದ್ದು ಅವರಿಗೆ ಸರಿಕಂಡಿರಲಿಲ್ಲ. ಹಾವು ಸಿಕ್ಕಿದೆ ಎಂದು ರಬಾಬ್ ಹೇಳಿದ್ದೇ, ಮಧ್ಯಾಹ್ನದೊಳಗೆ ಕಾರು ಹತ್ತಿ ಬಂದರು. ತೆಳ್ಳಗಿನ ಮನುಷ್ಯ, ಬಿಸಿಲಿಗೆ ಮುಖ ಕೆಂಪಾಗಿತ್ತು. ನನ್ನ ಅಂಗಡಿಯ ಮೇಜಿನ ಮೇಲೆಯೇ ಬಟ್ಟಲಿಟ್ಟುಕೊಂಡು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಬಾಲದ ತುದಿಯಲ್ಲಿ ಉಗುರಿನಿಂದ ಮೆತ್ತಗೆ ಕೆರೆದರು. ಕೂದಲು ಲೋಳೆಯಾಗಿ ಕೈಗೆ ಬಂತು. ಕೆಳಗೆ ಚೌಕಾಬಾರದ ಮನೆಗಳಂಥ ಕಪ್ಪು ಚುಕ್ಕೆ.

“ಪಾಚಿ ಖಾಲಾ,” ಎಂದರು. “ಹಾವು ನೀರೊಳ್ಳೆ. ಇದರ ಒಂದೊಂದು ಹುರುಪೆಯ ಮೇಲೂ ಸಣ್ಣ ಏಣು ಇರುತ್ತೆ, ಪಾಚಿ ಅದನ್ನ ಹಿಡ್ಕೊಳ್ಳುತ್ತೆ. ನೀರು ಹರೀತಾ ಇದ್ರೆ ಏನೂ ಅಂಟಲ್ಲ. ನಿಂತ ನೀರಲ್ಲಿ, ಪೊರೆ ಬಿಡೋ ಮುಂಚೆ, ಒಂದೇ ಕಡೆ ಬಿದ್ಕೊಂಡಿದ್ರೆ ಹೀಗೆ ಬೆಳೆಯುತ್ತೆ.”

“ಹಾಗಾದ್ರೆ ಇದು ಅನ್ಫೀಶ್ ಅಲ್ಲ.”

“ಅಲ್ಲ.”

ಅವಳ ಮುಖ ನೋಡಲು ನನಗೆ ಕಷ್ಟವಾಯಿತು. ಆ ಚಿತ್ರ ತೆಗೆದ ಗಳಿಗೆಯಿಂದ ಅವಳು ಕಾದದ್ದು ಬೇರೆಯದೇ ಮಾತಿಗೆ.

“ಉಸ್ತಾದ್,” ಎಂದಳು ಕೊನೆಗೆ, “ಒಡ್ಡು ಕಟ್ಟೋಕೆ ಮುಂಚೆ, ಬೇಸಿಗೆಯ ಕೊನೆಗೆ, ಇಂಥದ್ದು ಇದ್ದಿರಬಹುದಾ?”

“ಇದ್ದಿರಬಹುದು. ಆಗಲೂ ನೀರು ಇಳಿದು ಮಡು ನಿಂತಿದ್ರೆ.” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ರಬಾಬ್ ನಂಗೆ ಹೇಳಿದ್ದಾರೆ ಖಾಲಾ. ಆದರೆ ನಿಮ್ಮ ಯಜಮಾನರು ಅವತ್ತು ನೋಡಿದ್ದು ಇದನ್ನೇ ಅಂತ ನಾನು ಹೇಳಲಾರೆ. ಇರಬಹುದು ಅಂತ ಮಾತ್ರ ಹೇಳ್ತೀನಿ.”

“ಅಷ್ಟು ಸಾಕು. ಅಷ್ಟೂ ಯಾರೂ ಹೇಳಿರ್ಲಿಲ್ಲ.”

ಆಮೇಲೆ ಅವರು ಮೂಲ ಚಿತ್ರ ಕೇಳಿದರು. ಕಳಿಸಿದ್ದಲ್ಲ, ಅವಳ ಫೋನಿನೊಳಗೇ ಇರುವುದು. ಹಾಗೆ ಕಳಿಸುವಾಗ ಚಿತ್ರ ಸಣ್ಣದಾಗುತ್ತದೆ, ಯಾವಾಗ, ಎಲ್ಲಿ ತೆಗೆದದ್ದು ಎಂಬ ಗುರುತೆಲ್ಲ ಉದುರಿಹೋಗುತ್ತದೆ. ಮೂಲ ಇದ್ದರೆ ಗೆರೆ ಎಳೆದವರಿಗೆ ತೋರಿಸಬಹುದಿತ್ತು. ಆದರೆ ಆ ವಾರವೇ ಅವಳ ಫೋನ್ ನೀರಿಗೆ ಬಿದ್ದು ನನ್ನ ಬಳಿ ಬಂದಿತ್ತು. ನಾನು ಬಿಚ್ಚಿ ನೋಡಿದ್ದೆ, ಒಣಗಿಸಿದ್ದೆ, ಸ್ಪಿರಿಟ್ಟಿನಲ್ಲಿ ತೊಳೆದಿದ್ದೆ. ಸಿಹಿನೀರಾಗಿದ್ದರೆ ಏನಾದರೂ ಮಾಡಬಹುದಿತ್ತು. ಉಪ್ಪು ಒಳಗಿನದನ್ನೆಲ್ಲ ತಿಂದುಹಾಕಿತ್ತು. ಡಾಕ್ಟರರ ಎದುರು ಇನ್ನೊಮ್ಮೆ ಪ್ರಯತ್ನಿಸಿದೆ. ಅದು ಜೀವ ಹಿಡಿಯಲಿಲ್ಲ.

“ಹಾವು ಸಾಕು ನಂಗೆ,” ಎಂದರು ಅವರು. “ಚಿತ್ರ ನಿಜವೇ ಅಂತ ನಂಗೆ ಗೊತ್ತು. ಬೇರೆಯವರಿಗೆ ಸಾಬೀತು ಮಾಡೋಕೆ ಆಗಲ್ಲ.”

ಆ ಸಂಜೆಯೇ ನಮ್ಮ ಊರಿನ ಹಿರಿಯರಾದ ಶೇಖ್ ಅವರ ಚಾವಡಿಯಲ್ಲಿ ಸಭೆಯಿತ್ತು. ಜೊಂಡನ್ನು ಕಮಾನಿನಂತೆ ಬಗ್ಗಿಸಿ ಕಟ್ಟಿದ ಉದ್ದನೆಯ ಚಾವಡಿ, ಎರಡೂ ಗೋಡೆಗೆ ಸಾಲಾಗಿ ಗಂಡಸರು. ಕೂದಲ ಹಾವು ಇರುವ ಮಡುಗಳ ಸುತ್ತಲ ಜೊಂಡಿಗೆಲ್ಲ ಬೆಂಕಿ ಹಚ್ಚಬೇಕೆಂದು ಕೆಲವರು ಹಠ ಹಿಡಿದಿದ್ದರು. ಒಣಗಿದ ಕಾಲ, ಹಚ್ಚಿದರೆ ಯಾರ ಹಟ್ಟಿಯವರೆಗೆ ಹೋಗುತ್ತದೋ ಹೇಳುವಂತಿರಲಿಲ್ಲ. ಡಾಕ್ಟರರನ್ನು ಅತಿಥಿಯೆಂದು ಕರೆದು ಕಹಿ ಕಾಫಿ ಕೊಟ್ಟರು. ನಾನೂ ಬಾಗಿಲ ಬಳಿ ಕೂತಿದ್ದೆ. ಕಾಫಿಯ ಎರಡನೆಯ ಸುತ್ತು ನಡೆದಿತ್ತು. ಆಗ ತಿಸ್ವಾಹಿನ್ ಒಳಗೆ ಬಂದಳು. ಆ ಚಾವಡಿಯೊಳಗೆ ಹೆಂಗಸರು ಹಾಗೆ ಬರುವುದಿಲ್ಲ.

“ಬಾ ಉಮ್ ರಬಾಬ್,” ಎಂದರು ಶೇಖ್. “ಏನು ತಂದೆ?”

“ನಿಮ್ಮ ಅನ್ಫೀಶ್ ತಂದೆ.”

ಬಟ್ಟಲನ್ನು ಚಾಪೆಯ ನಡುವೆ ಇಟ್ಟು ತಟ್ಟೆ ತೆಗೆದಳು. ಹತ್ತಿರವಿದ್ದ ಒಬ್ಬಿಬ್ಬರು ಕಾಲು ಹಿಂದಕ್ಕೆ ಎಳೆದುಕೊಂಡರು. ಅವಳು ಹಾವನ್ನು ಕೈಯಲ್ಲಿ ಎತ್ತಿ ಹಿಡಿದು, ಹೆಬ್ಬೆರಳಿನಿಂದ ನಡುವೆ ಒಂದು ಗೇಣು ಉದ್ದ ಕೆರೆದಳು. ಹಾವು ಕೆಡುತ್ತದೆಂದು ಡಾಕ್ಟರರು ಬಾಯಿ ತೆರೆದರು, ಆದರೆ ತಡೆಯಲಿಲ್ಲ. ಹಸಿರು ಲೋಳೆ ಚಾಪೆಗೆ ಬಿತ್ತು.

“ಇದೇನು, ಹೇಳಿ.”

“ನೀರೊಳ್ಳೆ,” ಎಂದ ಯಾರೋ.

“ಗಟ್ಟಿಯಾಗಿ ಹೇಳಿ. ಹಾಜಿಗೆ ಕಣ್ಣು ಕಾಣ್ಸಲ್ಲ, ಕಿವಿ ಕೇಳ್ಸುತ್ತೆ.”

“ನೀರೊಳ್ಳೆ!”

ಹಾಜಿ ಮಿಝಿಲ್ ಶೇಖ್ ಅವರ ಬಲಕ್ಕೆ ಕೂತಿದ್ದ. ಎಂಬತ್ತರ ಹತ್ತಿರದ ಮುದುಕ. ಕೈ ಚಾಚಿದ. ಅವಳು ಹೋಗಿ ಹಾವನ್ನು ಅವನ ಅಂಗೈಯಲ್ಲಿಟ್ಟಳು. ಅವನು ಕೂದಲಿದ್ದ ಕಡೆ ಮುಟ್ಟಿದ, ಕೆರೆದ ಕಡೆ ಮುಟ್ಟಿದ, ಮತ್ತೆ ಕೂದಲಿದ್ದ ಕಡೆ ಮುಟ್ಟಿದ.

“ನನ್ನ ತಮ್ಮ ನೋಡಿದ್ದು ಇದನ್ನೇ ಅಂತೀಯಾ?”

“ಗೊತ್ತಿಲ್ಲ. ಉಸ್ತಾದರೂ ಗೊತ್ತಿಲ್ಲ ಅಂತಾರೆ. ಅವನು ಕೂದಲಿರೋ ಹಾವು ನೋಡಿದೆ ಅಂದ. ಕೂದಲಿರೋ ಹಾವು ನಿಮ್ಮ ಕೈಯಲ್ಲಿದೆ. ಅದಕ್ಕೆ ಅವನು ಅನ್ಫೀಶ್ ಅಂತ ಹೆಸರಿಟ್ಟ, ಅದು ತಪ್ಪು. ತಪ್ಪು ತಿಳಿಯೋದು ಬೇರೆ ಹಾಜಿ, ಸುಳ್ಳು ಹೇಳೋದು ಬೇರೆ. ನೀವು ಅವನನ್ನ ಸುಳ್ಳ ಅಂದ್ರಿ. ಸಾಯೋ ತನಕ ಅಂದ್ರಿ. ಸತ್ತ ಮೇಲೂ ಅಂದ್ರಿ.”

ಕಾಫಿ ಹೊಯ್ಯುವವನು ಹೂಜಿ ಹಿಡಿದು ನಿಂತೇ ಇದ್ದ.

“ಚಿಕ್ಕಂದಿನಲ್ಲಿ ಅವನು ಯಾವುದಕ್ಕೂ ಹೆದರ್ತಿರ್ಲಿಲ್ಲ,” ಎಂದ ಹಾಜಿ. “ನಾನು ಕತ್ತಲಂದ್ರೆ ಅಳ್ತಿದ್ದೆ, ಅವನು ಚಿಕ್ಕೋನು, ನನ್ನ ಕೈ ಹಿಡ್ಕೊಂಡು ಹೊರಗೆ ಕರ್ಕೊಂಡು ಹೋಗೋನು. ಅವನು ಹೆದರಿ ಓಡಿಬಂದ ಅಂದಾಗ ನಂಗೆ...” ಮಂಜುಗಣ್ಣನ್ನು ಅವಳ ಕಡೆ ತಿರುಗಿಸಿದ. “ನೀನು ನಂಬಿದ್ಯಾ ಅವನನ್ನ?”

ಅದು ಕುಹಕದ ಪ್ರಶ್ನೆಯಾಗಿರಲಿಲ್ಲ. ಮುದುಕ ನಿಜವಾಗಿಯೂ ತಿಳಿಯಲು ಕೇಳಿದ. ತಿಸ್ವಾಹಿನ್ ಹಸಿರು ಹತ್ತಿದ ಕೈಯನ್ನು ನಿಲುವಂಗಿಗೆ ಒರೆಸಿಕೊಂಡಳು.

“ಇಲ್ಲ,” ಎಂದಳು. “ನಂಬ್ಲಿಲ್ಲ. ನೀವು ಹೊರಗೆ ನಗ್ತಿದ್ರಿ, ನಾನು ಒಳಗೆ ಸುಮ್ಮನಿದ್ದೆ. ಕೂತ್‌ನಲ್ಲಿ ಒಂದಿನ ಕೇಳ್ದ, ನೀನಾದ್ರೂ ನಂಬ್ತೀಯೇನೇ ಅಂತ. ಊಟ ಆರಿಹೋಗುತ್ತೆ ಅಂದೆ. ಆಮೇಲೆ ಅವನು ಯಾವತ್ತೂ ಕೇಳ್ಲಿಲ್ಲ. ಯಾವುದು ಅವನಿಗೆ ಹೆಚ್ಚು ನೋವಾಯ್ತೋ, ನಿಮ್ಮ ನಗುವೋ, ನನ್ನ ಮೌನವೋ, ದೇವರಿಗೇ ಗೊತ್ತು.”

ಅಷ್ಟು ಹೇಳಿ ಅವಳು ಹಾವನ್ನು ವಾಪಸ್ಸು ತೆಗೆದುಕೊಂಡು ಬಟ್ಟಲಿಗೆ ಹಾಕಿ, ಡಾಕ್ಟರರ ಮುಂದಿಟ್ಟು ಹೊರಗೆ ಹೋದಳು.

ಬೆಂಕಿ ಹಚ್ಚುವ ಮಾತು ಅಲ್ಲಿಗೇ ಬಿತ್ತು. ಬ್ಯಾಟರಿ ಕೋಲು ಇಟ್ಟುಕೊಂಡು ಈ ನೀರಿಗೆ ಇಳಿದವನು ನನ್ನ ಚಾವಡಿಯ ಕಾಫಿ ಕುಡಿಯಬಾರದು ಎಂದು ಶೇಖ್ ಹೇಳಿದರು. ಹೊರಗಿನ ತಂಡಗಳು ಇನ್ನೆರಡು ಸಲ ಬಂದು, ಯಾರೂ ದೋಣಿ ಕೊಡದೆ ಹಿಂದಿರುಗಿದವು. ಹೆಂಗಸರು ಮಾತ್ರ ತಕ್ಷಣ ಜೊಂಡಿಗೆ ಹೋಗಲಿಲ್ಲ. ಹೆದರಿಕೆ ಹೋಗುವುದು ಬಂದಷ್ಟು ಬೇಗ ಅಲ್ಲ. ತಿಸ್ವಾಹಿನ್ ಒಬ್ಬಳೇ ಹೋಗಿ ಬಂದಳು, ದಿನಾ, ಎಲ್ಲರಿಗೂ ಕಾಣುವಂತೆ ಹೊರೆ ಹೊತ್ತುಕೊಂಡು. ವಾರ ಕಳೆದ ಮೇಲೆ ಪಕ್ಕದ ಹಟ್ಟಿಯವಳು ಅವಳ ಹಿಂದೆ ದೋಣಿ ಬಿಟ್ಟಳು, ಆಮೇಲೆ ಉಳಿದವರು.

ಡಾಕ್ಟರ್ ವಾಸಿಕ್ ಹಾವಿನ ಬಗ್ಗೆ ಬರೆದರು. ಗೆರೆ ಎಳೆದ ಪುಟದವರಿಗೂ ಕಾಗದ ಹಾಕಿದರು. ಅವರು ಕೆಟ್ಟವರೇನಲ್ಲ, ಕೆಳಗೆ ಸಣ್ಣ ಅಕ್ಷರದಲ್ಲಿ ತಿದ್ದುಪಡಿ ಸೇರಿಸಿದರು. ಅದನ್ನು ಓದಿದವರನ್ನು ನಾನು ಕಂಡಿಲ್ಲ. ದಂತದ ಹಲ್ಲಿನ ಹಾವು ಮಾತ್ರ ಈಗಲೂ ತಿರುಗುತ್ತಲೇ ಇದೆ. ಹೋದ ತಿಂಗಳು ನನಗೆ ಬಂದಾಗ ಅದು ಬೇರೆ ಯಾವುದೋ ದೇಶದ ನದಿಯದ್ದಾಗಿತ್ತು. ನಮ್ಮೂರಿನಲ್ಲಿ ಅವಳ ಎದುರು ‘ಅನ್ಫೀಶಪ್ಪ’ ಎನ್ನುವುದು ನಿಂತುಹೋಯಿತು. ಎದುರಿಲ್ಲದಾಗ ಎನ್ನುವವರು ಇನ್ನೂ ಇದ್ದಾರೆ.

ಆ ಚಳಿಗಾಲದಲ್ಲಿ ಒಂದು ಬೆಳಗ್ಗೆ ಹಾಜಿ ಮಿಝಿಲ್ ಮೊಮ್ಮಗಳ ಹೆಗಲು ಹಿಡಿದುಕೊಂಡು ದಂಡೆಗೆ ಬಂದ. ಕೆನೆ ಇಳಿಸುತ್ತಿದ್ದ ತಿಸ್ವಾಹಿನ್‌ಗೆ, “ನಜಫ್‌ಗೆ ಹೋಗೋಣ ನಡಿ. ತಮ್ಮನ ಹತ್ರ ನನಗೂ ಕೆಲಸ ಇದೆ” ಎಂದ. ನಾಸಿರಿಯಾದಲ್ಲಿ ರಬಾಬಳನ್ನೂ ಹತ್ತಿಸಿಕೊಂಡು ಹೋದರು. ಅಲ್ಲಿ ನಡೆದದ್ದನ್ನು ನನಗೆ ಹೇಳಿದವಳು ರಬಾಬ್.

ಗೋರಿಗಳ ಸಾಲಿನಲ್ಲಿ ಶನಾವಾನದನ್ನು ಹುಡುಕಲು ಹೊತ್ತು ಹಿಡಿಯಿತಂತೆ. ಹಾಜಿ ಮೊದಲು ಕೂತು ಫಾತಿಹಾ ಪ್ರಾರ್ಥನೆ ಓದಿದ. ಆಮೇಲೆ ಗೋರಿಯ ಇಟ್ಟಿಗೆಯ ಮೇಲೆ ಕೈಯಿಟ್ಟು, ಬಾಯೊಳಗೇ ಏನೋ ಹೇಳಿ, ಎದ್ದು ದೂರ ಹೋಗಿ ನಿಂತ. ತಿಸ್ವಾಹಿನ್ ಗೋರಿಯ ಮೇಲೆ ನೀರು ಚಿಮುಕಿಸಿ, ಧೂಳು ತೊಳೆದು, ಪಕ್ಕದಲ್ಲಿ ಕಾಲು ಮಡಿಚಿ ಕೂತಳು. ದೂರದೂರಿನಿಂದ ಬಂದ ಗಂಡನಿಗೆ ಊರಿನ ಸುದ್ದಿ ಹೇಳುವ ಹಾಗೆ ಮೊದಲಿನಿಂದ ಹೇಳಿದಳು. ನೀರು ಎಷ್ಟು ಇಳಿದಿದೆ, ಯಾವ ಮಡು, ಹಾವು ಯಾವ ಕಡೆ ತಲೆ ಹಾಕಿ ಮಲಗಿತ್ತು, ತನಗೆ ಎಷ್ಟು ಹೆದರಿಕೆಯಾಯಿತು, ಉಸ್ತಾದರು ಏನೆಂದರು, ಚಾವಡಿಯಲ್ಲಿ ಯಾರು ಕಾಲು ಹಿಂದೆಳೆದುಕೊಂಡರು, ಎಲ್ಲ.

“ನೀರೊಳ್ಳೆ ಕಣಯ್ಯಾ,” ಎಂದಳಂತೆ ಕೊನೆಗೆ. “ಪಾಚಿ ಹತ್ತಿದ ನೀರೊಳ್ಳೆ. ನಾನೂ ನೋಡಿದೆ. ನಂಗೂ ಅನ್ಫೀಶ್ ಅಂತಲೇ ಅನ್ಸ್ತು.”

ರಬಾಬ್ ತಾಯಿಯ ಬೆನ್ನ ಮೇಲೆ ಕೈಯಿಟ್ಟಳು. ತಾಯಿ ಆಗ ಅತ್ತಳು, ಗಂಡ ಸತ್ತ ದಿನವೂ ಅಷ್ಟು ಅತ್ತಿರಲಿಲ್ಲವಂತೆ. ಬಿಸಿಲು ಏರುವವರೆಗೂ ಮೂವರೂ ಅಲ್ಲೇ ಇದ್ದರು.